ಕೋಲಕ್ಕ ಮತ್ತು ಒಂಬತ್ತನೇ ಗಲ್ಲಿಯ ನಡುಗಂಬ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕನೇ ಗಲ್ಲಿಯ ಬಾಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಉದ್ದನೆಯ ಅಲ್ಯೂಮಿನಿಯಂ ಕೋಲನ್ನು ರಸ್ತೆಗೆ ಅಡ್ಡಲಾಗಿ ಹಿಡಿದು ನಿಂತಿದ್ದಾರೆ. ಕೋಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನ್ಯಾಯವಾಗಿ ಅದು ನನ್ನ ಕೈಯಲ್ಲಿ ಇರಬಾರದು. ಆ ತುದಿಯನ್ನು ಆಯಾ ಗಲ್ಲಿಯ ನಿವಾಸಿಯೇ ಹಿಡಿಯಬೇಕು ಎಂಬುದು ಅವರು ತಮಗೆ ತಾವೇ ಮಾಡಿಕೊಂಡ ನಿಯಮ. ನಿನ್ನೆ ಸಂಜೆ ಮೂವರು "ಖಂಡಿತ ಬರ್ತೀವಿ" ಎಂದಿದ್ದರಂತೆ. ಮೂರೂ ಬಾಗಿಲು ತಟ್ಟಿ ಆಗಿದೆ. ಒಂದು ತೆರೆಯಿತು, ಹಾಲಿನವನಲ್ಲ ಎಂದು ಗೊತ್ತಾದ ಕೂಡಲೇ ಮುಚ್ಚಿಕೊಂಡಿತು.

"ನಡೀರಿ, ಇವತ್ತಿಗೆ ನೀವೇ ಸಾರ್ವಜನಿಕರು," ಎನ್ನುತ್ತಾರೆ ಆಕೆ.

ಇಡೀ ಬಡಾವಣೆ ಆಕೆಯನ್ನು ಕೋಲಕ್ಕ ಎಂದೇ ಕರೆಯುತ್ತದೆ. ಕೋಲಿನ ಉದ್ದ ಎಂಟಡಿ ಎರಡಿಂಚು, ಅಂದರೆ ಅಗ್ನಿಶಾಮಕ ವಾಹನದ ಅಗಲ ಎಷ್ಟೋ ಅಷ್ಟು. ಅದನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಗಲ್ಲಿಯ ಉದ್ದಕ್ಕೂ ನಡೆದರೆ ವಾಹನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಯಾವ ಎಂಜಿನಿಯರ್‌ನ ಹಂಗೂ ಇಲ್ಲದೆ ತಿಳಿದುಬಿಡುತ್ತದೆ. ನಮ್ಮ ಕೋಲು ಮೊದಲು ಒಂದು ಸ್ಕೂಟರಿಗೆ ತಗಲುತ್ತದೆ. ಆಮೇಲೆ ಒಂದು ಹೂಕುಂಡಕ್ಕೆ, ಆಮೇಲೆ ಹೊಸದಾಗಿ ರಸ್ತೆಗೇ ಇಳಿದುಬಂದಿರುವ ಎರಡು ಮೆಟ್ಟಿಲಿಗೆ. ಪ್ರತಿಸಲವೂ ಕೋಲಕ್ಕ ನಿಲ್ಲುತ್ತಾರೆ, ಕಂಕುಳಲ್ಲಿರುವ ನೋಟುಬುಕ್ಕು ತೆಗೆದು ಬರೆದುಕೊಳ್ಳುತ್ತಾರೆ. ಇಷ್ಟು ಬೇಗ ಯಾಕೆ ಎಂದರೆ, ಎಲ್ಲ ವಾಹನಗಳೂ ಮನೆ ಮುಂದೆ ಇರುವುದು ಈ ಹೊತ್ತಿನಲ್ಲೇ.

"ಫಾರಂ ಕೊಟ್ರೆ ಎಲ್ಲಾರೂ 'ರಸ್ತೆ ಬೇಕಾದಷ್ಟು ಅಗಲ ಇದೆ' ಅಂತ ಟಿಕ್ ಹಾಕಿ ಕೊಡ್ತಾರೆ. ಅದೇ ಜನ ಕೋಲು ಹಿಡ್ಕೊಂಡು ನಡೆದಾಗ ಅವರ ಸ್ಕೂಟರಿಗೇ ಠಣ್ ಅಂತ ಬಡಿಯುತ್ತೆ. ಆಗ ಮಾತಾಡ್ದೆ ಪಕ್ಕಕ್ಕೆ ಇಡ್ತಾರೆ. ಮಾರನೇ ದಿನ ಮತ್ತೆ ಅಲ್ಲೇ ತಂದಿಡ್ತಾರೆ, ಅದು ಬೇರೆ ಮಾತು."

ಸ್ಫೂರ್ತಿ ತುಂಬುವಂಥ ಬರಹ ಬೇಕು ಎಂದು ಪುರವಣಿಯವರು ನನ್ನನ್ನು ಕಳಿಸಿದ್ದರು. ಮೂರು ದಿನ ಕೋಲಕ್ಕನ ಹಿಂದೆ ಅಲೆದು ಬಂದಿದ್ದೇನೆ. ಸ್ಫೂರ್ತಿ ಸಿಗಲಿಲ್ಲ, ಓದುಗರು ಕ್ಷಮಿಸಬೇಕು.

ಅಗ್ನಿಶಾಮಕ ಠಾಣೆಯ ಹಿಂಬದಿಯಲ್ಲಿ, ತೊಳೆದ ಹೋಸ್ ಪೈಪುಗಳನ್ನು ಒಣಹಾಕುವ ಗೋಪುರದ ಕೆಳಗೆ ಕೋಲಕ್ಕನ ಕಚೇರಿ. ಕಚೇರಿ ಎಂದರೆ ಒಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ, ಮೇಲಿನಿಂದ ತೊಟ್ಟು ತೊಟ್ಟಾಗಿ ಬೀಳುವ ನೀರು ಫೈಲುಗಳಿಗೆ ತಾಗದಂತೆ ಹೊದಿಸಿದ ಪ್ಲಾಸ್ಟಿಕ್ಕು. ಆಕೆಯದು ಹಂಗಾಮಿ ನೌಕರಿ. ಹುದ್ದೆಯ ಹೆಸರು 'ನಿವಾಸಿ ಸಂಪರ್ಕ ಸಹಾಯಕಿ'. ಠಾಣೆ ಹತ್ತು ವರ್ಷಕ್ಕೊಮ್ಮೆ ಒಂದು ದೊಡ್ಡ ಯೋಜನೆ ಮಾಡುತ್ತದೆ. ಎಲ್ಲಿ ನೀರಿನ ತೊಟ್ಟಿ ಬೇಕು, ಯಾವ ರಸ್ತೆ ತೆರವಾಗಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಎಲ್ಲವೂ ಅದರಲ್ಲಿ ಬರುತ್ತದೆ. ಅದರಲ್ಲಿ 'ನಿವಾಸಿಗಳ ಅಭಿಪ್ರಾಯ' ಎಂಬ ಅಧ್ಯಾಯವೂ ಇರಬೇಕು ಎಂದು ಮೇಲಿನವರ ಆಜ್ಞೆ. ಆ ಅಧ್ಯಾಯವೇ ಕೋಲಕ್ಕನ ಹೊಟ್ಟೆಪಾಡು.

ಆಕೆಯ ಪಾಲಿಗೆ ಬಂದಿರುವುದು ಹನ್ನೊಂದು ಗಲ್ಲಿ, ಏಳುನೂರ ಆರು ಮನೆ. ದಿನಕ್ಕೆ ನಲವತ್ತು ಬಾಗಿಲು ತಟ್ಟುತ್ತಾರೆ. ಅದರಲ್ಲಿ ತೆರೆಯುವುದು ಹದಿನೈದು. ಮಾತಾಡುವವರು ಆರು ಮಂದಿ, ಅದರಲ್ಲಿ ನಾಲ್ವರು ನೀರಿನ ಬಗ್ಗೆ ಮಾತಾಡುತ್ತಾರೆ. ಕಾರಣವಿದೆ. ಕೋಲಕ್ಕ ಈ ಕೆಲಸಕ್ಕೆ ಬರುವ ಮೊದಲು ನೀರಿನ ಮೀಟರ್ ಓದುವ ಕೆಲಸ ಮಾಡುತ್ತಿದ್ದರು. "ನಲ್ಲಿ ಎರಡು ದಿನದಿಂದ ಬಂದಿಲ್ಲ, ಸ್ವಲ್ಪ ನೋಡ್ರೀ" ಎಂದು ಜನ ಇವತ್ತಿಗೂ ಆಕೆಯನ್ನೇ ಹಿಡಿದುಕೊಳ್ಳುತ್ತಾರೆ. ಅಗ್ನಿಶಾಮಕದವರಲ್ಲಿ ನೀರಿರುತ್ತದಲ್ಲ, ಒಂದು ಲೆಕ್ಕಕ್ಕೆ ಅವರು ಕೇಳುವುದೂ ಸರಿಯೇ.

ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಗ್ಯಾರೇಜಿನಲ್ಲಿ ವೆಲ್ಡರ್. ಕೋಲು ಕತ್ತರಿಸಿ ಎರಡು ತುದಿಗೂ ಕೆಂಪು ಟೇಪು ಸುತ್ತಿಕೊಟ್ಟವರು ಅವರೇ. "ಊರ ಬಾಗಿಲೆಲ್ಲ ತಟ್ತಾಳೆ, ನಮ್ಮ ಬಾಗಿಲ ಕೀಲಿಗೆ ಎಣ್ಣೆ ಹಾಕೋಕೆ ಪುರುಸೊತ್ತಿಲ್ಲ," ಎಂದು ಅವರು ನಗುತ್ತಾರೆ. ಅತ್ತೆಗೆ ಮಾತ್ರ ಇನ್ನೂ ಗೊಂದಲ. ಸೊಸೆ ಬೆಂಕಿ ಆರಿಸುವವರ ಕಡೆ ಕೆಲಸಕ್ಕೆ ಹೋಗಿ ಕೋಲು ಹಿಡಿದು ಯಾಕೆ ತಿರುಗುತ್ತಾಳೆ ಎಂದು ಬಂದವರನ್ನೆಲ್ಲ ವಿಚಾರಿಸುತ್ತಾರೆ. ನನ್ನನ್ನೂ ವಿಚಾರಿಸಿದರು.

ಹಾಗೆ ನೋಡಿದರೆ ಕೋಲು ಬಂದದ್ದು ನಾಲ್ಕು ವರ್ಷದ ಹಿಂದೆ. ಅದಕ್ಕೂ ಮೊದಲು ಆಕೆಯ ಕೈಯಲ್ಲಿ ಇದ್ದದ್ದು ಬರೀ ನೋಟುಬುಕ್ಕು.

ಹತ್ತು ವರ್ಷದ ಹಿಂದಿನ ಯೋಜನೆಗೂ ಮನೆಮನೆಗೆ ಹೋದವರು ಇದೇ ಕೋಲಕ್ಕ. ಆಗ ಹುಮ್ಮಸ್ಸಿತ್ತು. ಜನ ಬಾಯಿಬಿಟ್ಟು ಮಾತಾಡಿದರು. ಇನ್ನೂರ ಹದಿನಾಲ್ಕು ಬೇಡಿಕೆಗಳನ್ನು ಆಕೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ಅವುಗಳಲ್ಲಿ ಜಾರಿಗೆ ಬಂದದ್ದು ಒಂದೇ ಒಂದು. ಒಂಬತ್ತನೇ ಗಲ್ಲಿಯವರು ಕೇಳಿದ್ದು ಅದು. ಮುಖ್ಯರಸ್ತೆಯಲ್ಲಿ ದಟ್ಟಣೆಯಾದಾಗಲೆಲ್ಲ ಗಾಡಿಗಳು ಅವರ ಗಲ್ಲಿಗೆ ನುಗ್ಗುತ್ತಿದ್ದವು, ಒಂದು ಮಗುವಿನ ಕಾಲು ಮುರಿದಿತ್ತು. ಗಲ್ಲಿಯ ಬಾಯಿಗೆ ಕಬ್ಬಿಣದ ಕಂಬ ನೆಡಿಸಿಕೊಡಿ ಎಂದರು. ಮೂರು ಕಂಬ ಬಂದವು. ಅಕ್ಕಪಕ್ಕದವು ಕಾಯಂ, ನಡುವಿನದು ಬೀಗ ತೆಗೆದು ಮೇಲಕ್ಕೆತ್ತಬಹುದಾದದ್ದು. ಬೀಗದ ಕೈ ಠಾಣೆಯಲ್ಲಿ. ಅದನ್ನು ಎತ್ತಿದರೆ ಹತ್ತಡಿ ದಾರಿ, ವಾಹನ ಆರಾಮವಾಗಿ ಒಳಗೆ ಹೋಗುತ್ತದೆ. ಕಾಗದದ ಮೇಲೆ ಕುಂದಿಲ್ಲದ ಏರ್ಪಾಡು.

ಆದರೆ ಯಾರೋ ಬೀಗ ಒಡೆದು ನಡುಗಂಬ ಎತ್ತಿ ಗಾಡಿ ನುಗ್ಗಿಸತೊಡಗಿದರು. ಗಲ್ಲಿಯವರು ಎರಡು ಸಲ ಹೊಸ ಬೀಗ ಹಾಕಿದರು. ಮೂರನೇ ಸಲ ಒಂದು ಭಾನುವಾರ ಎಲ್ಲರೂ ಸೇರಿ, ಒಬ್ಬರು ಮರಳು ತಂದು, ಒಬ್ಬರು ಸಿಮೆಂಟು ಕಲಸಿ ಕಂಬದ ಬುಡವನ್ನು ಭದ್ರವಾಗಿ ಮುಚ್ಚಿಬಿಟ್ಟರು. ಅಂದು ಕೋಲಕ್ಕ ಅದೇ ದಾರಿಯಲ್ಲಿ ಬಂದರು. ಅವರ ಕೈಗೂ ಒಂದು ಲೋಟ ಚಹಾ ಕೊಟ್ಟರು. ನೋಟುಬುಕ್ಕಿನ ಆ ಪುಟವನ್ನು ಆಕೆ ನನಗೆ ತೋರಿಸುತ್ತಾರೆ. 'ಒಂಬತ್ತನೇ ಗಲ್ಲಿ: ಕಂಬ ಭದ್ರಪಡಿಸುವಲ್ಲಿ ನಿವಾಸಿಗಳು ಸ್ವಯಂಪ್ರೇರಿತರಾಗಿ ಸಹಕರಿಸಿದ್ದಾರೆ.' ಕೆಳಗೆ ಆಕೆಯ ಸಹಿ.

"ಬೇಡ ಅನ್ನಬೇಕಿತ್ತು. ಗೊತ್ತಿತ್ತು ನನಗೆ. ಆದ್ರೆ ಅಷ್ಟು ವರ್ಷದಲ್ಲಿ ಮೊದಲನೇ ಸಲ ಜನ ಒಟ್ಟಾಗಿ ಒಂದು ಕೆಲಸ ಮಾಡಿದ್ರು, ನನ್ನ ಕಂಡು ನಕ್ಕಿದ್ರು. ಬಾಯಿ ಬರಲಿಲ್ಲ."

ನಾಲ್ಕು ವರ್ಷದ ಹಿಂದೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅದೇ ಗಲ್ಲಿಯ ಕೊನೆಯ ಮನೆಗೆ ಬೆಂಕಿ ಬಿತ್ತು. ಮಹಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಟೈಲರಮ್ಮ ಎಂದು ಹೆಸರಾಗಿದ್ದ ಹೆಂಗಸು ಇದ್ದರು. ಗಂಡ ಗಡಿಯಾರ ರಿಪೇರಿಯವರು, ಮುಖ್ಯರಸ್ತೆಯ ಅಂಗಡಿಗೆ ಹೋಗಿದ್ದರು. ಕರೆ ಬಂದ ಆರನೇ ನಿಮಿಷಕ್ಕೆ ವಾಹನ ಗಲ್ಲಿಯ ಬಾಯಿಗೆ ಬಂತು. ಅಲ್ಲೇ ನಿಂತಿತು. ಅಲ್ಲಿಂದ ಮನೆಗೆ ಇನ್ನೂರು ಮೀಟರ್. ಪೈಪಿಗೆ ಪೈಪು ಜೋಡಿಸುತ್ತ, ನಿಲ್ಲಿಸಿದ್ದ ಗಾಡಿಗಳ ನಡುವೆ ಏಣಿ ಹೊತ್ತು ಓಡುತ್ತ, ನೀರು ಮಹಡಿಗೆ ಮುಟ್ಟುವ ಹೊತ್ತಿಗೆ ಇನ್ನೂ ಹನ್ನೊಂದು ನಿಮಿಷ ಕಳೆದಿತ್ತು. ಟೈಲರಮ್ಮ ಉಳಿಯಲಿಲ್ಲ.

"ಮೊದಮೊದಲು ಬೆಂಕಿ ಮೆಟ್ಟಿಲಿಗೆ ಬಂದಿರಲಿಲ್ಲ," ಎನ್ನುತ್ತಾರೆ ಕೋಲಕ್ಕ. "ಎದುರು ಮನೆಯವರು ಇಳಿದು ಬಾ ಅಂತ ಕೂಗಿದ್ದಾರೆ. ಆಯಮ್ಮ ಕಿಟಕಿಯಿಂದ, 'ಸೈರನ್ ಕೇಳಿಸ್ತಲ್ಲ, ಬಂದ್ಬಿಟ್ರು' ಅಂತ ಹೇಳಿ ಒಳಗೆ ಬಟ್ಟೆ ತೆಗೆಯೋಕೆ ಹೋಗಿದ್ದಾರೆ. ಹೊಲಿಯೋಕೆ ಕೊಟ್ಟಿದ್ದ ಬಟ್ಟೆ, ಮಂದಿದು." ಹೇಳಿ ಮುಗಿಸಿ ಆಕೆ ಫೈಲಿನ ಮೇಲಿನ ಪ್ಲಾಸ್ಟಿಕ್ಕು ಸರಿಮಾಡುತ್ತಾರೆ.

ಕಂಬ ಕಿತ್ತುಹಾಕಲು ಇಷ್ಟು ಸಾಲದೇ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಠಾಣಾಧಿಕಾರಿ ನಾಲ್ಕು ಪತ್ರ ಬರೆದಿದ್ದಾರೆ. ರಸ್ತೆ ನೋಡಿಕೊಳ್ಳುವ ಕಚೇರಿಯ ಉತ್ತರ ನಾಲ್ಕು ಸಲವೂ ಒಂದೇ: ಕಂಬ ನೆಟ್ಟದ್ದು ನಿವಾಸಿಗಳ ಲಿಖಿತ ಬೇಡಿಕೆಯ ಮೇಲೆ, ಆದ್ದರಿಂದ ಕೀಳಲೂ ನಿವಾಸಿಗಳ ಲಿಖಿತ ಒಪ್ಪಿಗೆ ಬೇಕು. ಗಲ್ಲಿಯಲ್ಲಿ ಅರವತ್ತೆರಡು ಮನೆ, ಮೂವತ್ತೆರಡು ಸಹಿ ಆಗಬೇಕು. ಈಗಿನ ಯೋಜನೆ ಸೋಮವಾರ ಮುಚ್ಚುತ್ತದೆ. ಅದರಲ್ಲಿ ಬಾರದ್ದು ಇನ್ನು ಹತ್ತು ವರ್ಷದ ಮಾತು. ನಾನು ಹೋದ ದಿನ ಕೋಲಕ್ಕನ ಬಳಿ ಹತ್ತೊಂಬತ್ತು ಸಹಿಗಳಿವೆ.

ಒಂಬತ್ತನೇ ಗಲ್ಲಿಯ ಜನ ಕೆಟ್ಟವರಲ್ಲ. ಕಂಬ ಬಂದಮೇಲೆ ಗಲ್ಲಿ ತಣ್ಣಗಿದೆ. ಮಕ್ಕಳು ರಸ್ತೆಯಲ್ಲೇ ಆಡುತ್ತವೆ, ಮುದುಕರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಬಾಗಿಲಿಗೆ ಬಂದ ಒಬ್ಬ ತಾಯಿ ನಮ್ಮ ಮುಖಕ್ಕೇ ಹೇಳುತ್ತಾಳೆ: "ಬೆಂಕಿ ಯಾವಾಗಲೋ ಒಂದ್ಸಲ ಬರುತ್ತೆ ಅಕ್ಕ. ಗಾಡಿಗಳು ದಿನಾ ಬರ್ತವೆ." ಕೋಲಕ್ಕ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ಮನೆಯವರ ಮಾತು ಇನ್ನೂ ಸಲೀಸು. "ಕಳ್ಕೊಂಡವರೇ ಸಹಿ ಹಾಕಿಲ್ಲ. ನಾವ್ಯಾಕೆ ಮುಂದೆ ಬೀಳೋಣ?"

ನಿಜ. ಗಡಿಯಾರ ರಿಪೇರಿಯವರು ಸಹಿ ಹಾಕಿಲ್ಲ.

ಶನಿವಾರ ಸಂಜೆ ಶಾಲೆಯ ಕೊಠಡಿಯೊಂದರಲ್ಲಿ ಕೊನೆಯ ಸಭೆ. ಚಿಕ್ಕ ಮಕ್ಕಳ ಬೆಂಚುಗಳು. ಬೆಳೆದವರು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಬಂದವರು ಹದಿಮೂರು ಮಂದಿ, ಅದರಲ್ಲಿ ಇಬ್ಬರು ನೀರಿನ ವಿಚಾರಕ್ಕೆ. ಕೋಲಕ್ಕ ಬೋರ್ಡಿನ ಮೇಲೆ ಗಲ್ಲಿಯ ನಕ್ಷೆ ಬರೆದು, ಸುಲಭವಾಗಿ ಬೀಗ ಒಡೆಯಲಾಗದ ಹೊಸ ಮಾದರಿಯ ಕಂಬ ಇದೆ, ಕಿತ್ತ ದಿನವೇ ಅದನ್ನು ನೆಡುತ್ತಾರೆ, ಗಾಡಿ ನುಗ್ಗುವುದಿಲ್ಲ ಎಂದು ಇಪ್ಪತ್ತು ನಿಮಿಷ ಬಿಡಿಸಿ ಹೇಳುತ್ತಾರೆ. "ಹೋದ ಸಲಾನೂ ಹಿಂಗೇ ಅಂದಿದ್ರಿ," ಎನ್ನುತ್ತಾರೆ ಒಬ್ಬರು. "ಹೌದು, ಅಂದಿದ್ದೆ," ಎನ್ನುತ್ತಾರೆ ಕೋಲಕ್ಕ.

ಒಪ್ಪಿಗೆಯ ಹಾಳೆ ಮುಂದಿನ ಬೆಂಚಿನಿಂದ ಹೊರಡುತ್ತದೆ. ನಾಲ್ವರು ಸಹಿ ಹಾಕುತ್ತಾರೆ. ಹಾಳೆ ಗಡಿಯಾರ ರಿಪೇರಿಯವರ ಕೈಗೆ ಬರುತ್ತದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಳೆಯನ್ನು ಮೇಲಿಂದ ಕೆಳಗೆ ಓದುತ್ತಾರೆ, ಮುಚ್ಚಳ ಹಾಕಿ ಪಕ್ಕದವರಿಗೆ ದಾಟಿಸುತ್ತಾರೆ. ಪಕ್ಕದವರೂ ದಾಟಿಸುತ್ತಾರೆ. ಅಲ್ಲಿಂದ ಮುಂದೆ ಹಾಳೆ ಎಲ್ಲೂ ನಿಲ್ಲುವುದಿಲ್ಲ. ಒಟ್ಟು ಇಪ್ಪತ್ತಮೂರು.

ಹೊರಗೆ, ಶಾಲೆಯ ಗೇಟಿನ ಬಳಿ ನಾನು ಗಡಿಯಾರ ರಿಪೇರಿಯವರನ್ನು ನಿಲ್ಲಿಸಿ, ಸಹಿ ಯಾಕೆ ಹಾಕಲಿಲ್ಲ ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ, ಆದರೆ ನನ್ನ ಕಸುಬೇ ಅದು. ಅವರು ಸಿಟ್ಟಾಗುವುದಿಲ್ಲ.

"ಅವತ್ತು ಸಿಮೆಂಟ್ ಕಲಸಿದ್ದು ನಾನು," ಎನ್ನುತ್ತಾರೆ. "ಸಣ್ಣ ಕೆಲಸ ಮಾಡಿ ರೂಢಿ ನೋಡಿ, ನೀಟಾಗಿ ಕಲಸಿದ್ದೆ. ಅವಳೇ ನೀರು ತಂದು ಸುರಿದಳು. ಈಗ ಆ ಕಂಬನ ಒಂದು ಮಧ್ಯಾಹ್ನದಲ್ಲಿ ಕಿತ್ತು ಪಕ್ಕಕ್ಕಿಟ್ರೆ, ಅದನ್ನ ಮೊದಲೇ ಕೀಳಬಹುದಾಗಿತ್ತು ಅಂತ ಆಗುತ್ತಲ್ಲ. ಅದನ್ನ ದಿನಾ ನೋಡ್ಕೊಂಡು ಅಂಗಡಿಗೆ ಹೋಗೋಕೆ ನನ್ನ ಕೈಲಿ ಆಗಲ್ಲ." ನನ್ನ ಪೆನ್ನಿನತ್ತ ನೋಡಿ, "ಬರ್ಕೊಳ್ಳಿ, ಪರವಾಗಿಲ್ಲ. ಅಕ್ಕಂಗೆ ಗೊತ್ತಿದೆ," ಎಂದು ಹೊರಡುತ್ತಾರೆ.

ಅಕ್ಕನಿಗೆ ಗೊತ್ತಿದೆ. ಠಾಣೆಗೆ ನಡೆಯುತ್ತ ನಾನು ಕೇಳುತ್ತೇನೆ, ಅವರ ಮೇಲೆ ಕೋಪ ಬರುವುದಿಲ್ಲವೇ ಎಂದು. "ಯಾವ ಮುಖ ಇಟ್ಕೊಂಡು ಕೋಪ ಮಾಡ್ಕೊಳ್ಳಲಿ? ಅವರು ಕಲಸಿದ್ರು, ನಾನು ಬರ್ಕೊಂಡೆ. ನಾನೂ ಅವರೂ ಎದುರಾದ್ರೆ ಇವತ್ತಿಗೂ ಊಟ ಆಯ್ತಾ ಅಂತ ಕೇಳ್ಕೊತೀವಿ. ಬೇರೆ ಏನು ಮಾತಾಡೋದು?"

ಕಚೇರಿಯಲ್ಲಿ ಆಕೆ ಅಧ್ಯಾಯದ ಕೊನೆಯ ಪುಟ ತುಂಬುತ್ತಾರೆ. 'ಒಂಬತ್ತನೇ ಗಲ್ಲಿ: ಕಂಬ ತೆರವಿಗೆ ನಿವಾಸಿಗಳ ಒಪ್ಪಿಗೆ ದೊರೆತಿಲ್ಲ.' ಅಕ್ಷರ ಈಗಲೂ ಮುತ್ತಿನಂತಿದೆ. ಮುಂದಿನ ಯೋಜನೆಯ ಹೊತ್ತಿಗೆ ಆಕೆಗೆ ಅರವತ್ತೆರಡು. ಆ ವಯಸ್ಸಿನ ಹಂಗಾಮಿ ನೌಕರರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇಂಥ ಬರಹದ ಕೊನೆಗೆ ನಾವು ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮ್ಮ ಆಸೆ ಏನು? ಸನ್ಮಾನವೋ, ಕೆಲಸ ಕಾಯಂ ಆಗುವುದೋ, ಏನಾದರೂ ಹೇಳಲಿ ಎಂದು ಪೆನ್ನು ಹಿಡಿದು ಕೂರುತ್ತೇನೆ. ಕೋಲಕ್ಕ ಫೈಲು ಕಟ್ಟಿ ಪಕ್ಕಕ್ಕಿಡುತ್ತಾರೆ.

"ನಿಮ್ಮ ಪೇಪರ್ ಒಂಬತ್ತನೇ ಗಲ್ಲಿಗೂ ಬರುತ್ತಲ್ಲ? ನನ್ನ ಬಗ್ಗೆ ಬರೆದಿದ್ದು ಜಾಸ್ತಿ ಆದ್ರೆ ತೆಗೆದುಹಾಕಿ. ಇದೊಂದು ಮಾತ್ರ ಉಳಿಸಿ. ಒಂಬತ್ತನೇ ಗಲ್ಲಿಯವರು ಸೈರನ್ ಕೇಳಿಸಿದ ಕೂಡಲೇ ನಾವು ಬಂದ್ವಿ ಅಂತ ಕಾಯಬೇಡಿ. ನಾವು ಬಂದಿರಲ್ಲ. ನೀವೇ ಇಳಿದು ಬಂದ್ಬಿಡಿ."