ಮೂರನೇ ಅಂತಸ್ತಿನ ಹೆಬ್ಬೆಟ್ಟು

ನಮ್ಮ ಬಂದರಿನ ಕಾವಲು ಗೋಪುರದ ಚರಿತ್ರೆಯನ್ನು ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದವಳು ಒಬ್ಬಳೇ. ಅವಳನ್ನು ಎಲ್ಲರೂ ಗೋಪುರದಕ್ಕ ಎನ್ನುತ್ತಾರೆ. ನಾನು ಕೆಳಗೆ ಬಾಗಿಲಲ್ಲಿ ಟಿಕೆಟ್ ಹರಿಯುವವನು. ಅವಳ ಕಥೆ ನನಗೂ ಎಷ್ಟು ಬಾಯಿಪಾಠವೆಂದರೆ, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಆರುನೂರು ವರ್ಷದ ಹಿಂದೆ ಕಡಲುಗಳ್ಳರ ಕಾಟ ತಾಳಲಾರದೆ ಇಲ್ಲಿನ ವರ್ತಕರೇ ಸೇರಿ ಕಟ್ಟಿಸಿದ್ದು. ನಾಲ್ಕು ಅಂತಸ್ತು, ನೂರ ಹನ್ನೆರಡು ಮೆಟ್ಟಿಲು. ಪರಿಚಯದ ಹಾಯಿ ಕಂಡರೆ ನೆತ್ತಿಯ ಮೇಲೆ ಒಂದು ಬೆಂಕಿ, ಗುರುತಿಲ್ಲದ ಹಾಯಿಯಾದರೆ ಎರಡು. ಎರಡು ಬೆಂಕಿ ಕಂಡರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಮೇಲೆ ಫಿರಂಗಿ ಬಂತು, ದಕ್ಷಿಣದ ಗೋಡೆ ಬಿತ್ತು, ಮತ್ತೆ ಎದ್ದಿತು. ಒಂದಷ್ಟು ಕಾಲ ಸೆರೆಮನೆ, ಒಂದಷ್ಟು ಕಾಲ ಉಪ್ಪಿನ ಉಗ್ರಾಣ, ಕೊನೆಗೆ ಪಾರಿವಾಳಗಳ ಪಾಲು.

ಅವಳು ಹೇಳದೆ ಬಿಡುತ್ತಿದ್ದ ಸಂಗತಿ ಒಂದಿತ್ತು. ಇಪ್ಪತ್ತು ವರ್ಷದ ಹಿಂದೆ ಬಿರುಗಾಳಿಗೆ ಅದೇ ದಕ್ಷಿಣದ ಗೋಡೆ ಬಾಯಿಬಿಟ್ಟಾಗ ರಿಪೇರಿ ಮಾಡಿದವನು ಅವಳ ಗಂಡ, ಗಾರೆ ಮೇಸ್ತ್ರಿ. ಮಹಾ ಹಟದ ಆಸಾಮಿ. ಸಿಮೆಂಟ್ ಚೀಲ ಕಂಡರೆ ಮುಖ ಕಿವುಚುತ್ತಿದ್ದ. ಚಿಪ್ಪು ಸುಟ್ಟು ಸುಣ್ಣ ಮಾಡಿ, ತಿಂಗಳುಗಟ್ಟಲೆ ನೆನೆಹಾಕಿ, ಹಳೆ ಗಾರೆಯನ್ನು ಬೆರಳಲ್ಲಿ ಪುಡಿಮಾಡಿ ನೋಡಿ, ಅದೇ ಬಗೆಯ ಮರಳನ್ನು ಹುಡುಕಿ ತಂದ. "ನನ್ನ ಕೆಲಸ ಎಲ್ಲಿದೆ ಅಂತ ಗೊತ್ತಾಯ್ತು ಅಂದ್ರೆ ನಾನು ಕೆಡಿಸಿದೆ ಅಂತ ಅರ್ಥ" ಎನ್ನುತ್ತಿದ್ದ. ಅವನಿಗೆ ಕೆಲಸ ಕಲಿಸಿದವರದ್ದು ಒಂದು ಅಭ್ಯಾಸ: ಕೆಲಸ ಮುಗಿದ ದಿನ, ಗಾರೆ ಆರುವ ಮುಂಚೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಹೆಬ್ಬೆಟ್ಟು ಒತ್ತುವುದು. ಅವನು ಮೂರನೇ ಅಂತಸ್ತಿನ ಕಿಂಡಿಯ ಒಳಮೈಯಲ್ಲಿ ಒತ್ತಿದ. ಹಿಂದೆಂದೋ ಗಾರೆ ಮೆತ್ತುವ ಕರಣೆ ತಾಗಿ ಅಡ್ಡ ಸೀಳಿದ್ದ ಹೆಬ್ಬೆಟ್ಟು ಅದು. ಗಾಯದ ಗೆರೆಯೂ ಗೋಡೆಯಲ್ಲಿ ಮೂಡಿತು.

ಹೋದ ವರ್ಷ ಅವನು ತೀರಿಕೊಂಡ. ಸುಣ್ಣದ ಧೂಳು ಎದೆಯನ್ನು ಹಾಳುಮಾಡಿತ್ತು. ನಾಲ್ಕನೇ ದಿನವೇ ಅಕ್ಕ ಕೆಲಸಕ್ಕೆ ಬಂದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ, "ಅಳು ಬರ್ತಿಲ್ಲ ಕಣೋ. ಹಸಿವೂ ಇಲ್ಲ. ಏನೂ ಇಲ್ಲ. ಎಷ್ಟು ಜನ ಇದ್ದಾರೆ, ಮೇಲೆ ಕಳಿಸು" ಎಂದಳು. ಕಥೆಯನ್ನು ಒಂದಕ್ಷರ ತಪ್ಪದೆ ಹೇಳಿದಳು. ಮೊದಲೆಲ್ಲ ಕಡಲುಗಳ್ಳರ ಹತ್ತಿರ ಬಂದಾಗ ದನಿ ಏರಿಸಿ ಮಕ್ಕಳನ್ನು ಹೆದರಿಸುತ್ತಿದ್ದಳು. ಈಗ ಕಳ್ಳರಿಗೂ ಉಪ್ಪಿಗೂ ಒಂದೇ ದನಿ. ಜನ ಇಳಿದು ಹೋದಮೇಲೆ ಮಾತ್ರ ಕಿಂಡಿಯೊಳಗೆ ಕೈ ತೂರಿಸಿ, ಆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನಿಲ್ಲುತ್ತಿದ್ದಳು. "ಅಲ್ಲಿ ಮುಟ್ಟಿದ್ರೆ ಮಾತ್ರ ಏನೋ ಒಂಚೂರು ಗೊತ್ತಾಗುತ್ತೆ" ಎಂದಿದ್ದಳು. ದಿನಕ್ಕೆ ಅವಳಿಗಿದ್ದದ್ದು ಅಷ್ಟೇ.

ಈ ಬೇಸಿಗೆಯಲ್ಲಿ ಗೋಪುರವನ್ನು ಮೊದಲಿನಂತೆ ಮಾಡುತ್ತೇವೆಂದು ತಜ್ಞರ ದಂಡು ಬಂತು. ಹಳೆಯದು ಉಳಿಯಬೇಕು, ಆಮೇಲೆ ಮೆತ್ತಿದ್ದನ್ನೆಲ್ಲ ಕೆರೆದು ತೆಗೆಯಬೇಕು. ಇದು ಅವರ ನಿಯಮ. ರಿಪೇರಿ ಎಲ್ಲಿಂದ ಎಲ್ಲಿಯವರೆಗೆ ಆಗಿತ್ತೆಂದು ಯಾವ ಕಡತದಲ್ಲೂ ಇರಲಿಲ್ಲ. ದೊಡ್ಡ ತಜ್ಞರು ಕನ್ನಡಕವನ್ನು ಹಣೆಗೇರಿಸಿ, ಗೋಡೆಗೆ ಮೂಗು ತಾಗಿಸಿಕೊಂಡು ಎರಡು ವಾರ ಓಡಾಡಿದರು. ಕೊನೆಗೆ ಆ ಹೆಬ್ಬೆಟ್ಟು ಕಣ್ಣಿಗೆ ಬಿತ್ತು. ಅಕ್ಕನನ್ನು ಕರೆಸಿದರು. ಜೊತೆಗೆ ನಾನೂ ಹತ್ತಿದೆ.

"ಅಮ್ಮಾ, ನೀವು ಇಷ್ಟು ವರ್ಷದಿಂದ ಇಲ್ಲಿದ್ದೀರಿ. ಈ ಕಿಂಡಿಗೆ ಯಾರಾದ್ರೂ ರಿಪೇರಿ ಮಾಡಿದ್ದು ನೆನಪಿದೆಯಾ?"

"ಮಾಡಿದ್ರೆ ಏನು ಮಾಡ್ತೀರಿ ಸಾರ್?"

"ಕೆರೀಬೇಕಾಗುತ್ತೆ. ಮಾಡಿಲ್ಲ ಅಂದ್ರೆ ಇದು ಆಗಿನ ಕಾವಲುಗಾರಂದೇ ಹೆಬ್ಬೆಟ್ಟು. ಗಾಜು ಹಾಕಿ ಕಾಪಾಡ್ತೀವಿ. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ."

ನಿಜ ಹೇಳಿದರೆ ಉಳಿಯೇಟು, ಸುಳ್ಳು ಹೇಳಿದರೆ ಗಾಜು. ಅಕ್ಕ ಗೋಡೆಯನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು.

"ಇಲ್ಲ ಸಾರ್. ನನಗೆ ತಿಳಿದ ಹಾಗೆ ಯಾರೂ ಮಾಡಿಲ್ಲ" ಎಂದಳು.

ತಜ್ಞರ ಮುಖ ಅರಳಿತು. "ನಾನು ಹೇಳ್ಲಿಲ್ವಾ? ಈ ಗಾರೆ ನೋಡಿ. ಈಗಿನವರಿಂದ ಇಂಥ ಕೆಲಸ ಆಗೋದೇ ಇಲ್ಲ."

"ಹೌದು ಸಾರ್" ಎಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೂ ಸಿಟ್ಟು ಬಂತು. ಮೆಟ್ಟಿಲಿಳಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲಕ್ಕಾ, ಭಾವನ ಕೆಲಸ ಇದು ಅಂತ ಹೇಳಬಾರದಿತ್ತಾ?"

"ಹೇಳಿದ್ರೆ ಕೆರೀತಾರೆ. ಕೆರೆದ ಧೂಳು ಗುಡಿಸೋಳೂ ನಾನೇ ಅಲ್ವೇನೋ?" ಎಂದಳು. ಅದನ್ನೂ ಉಪ್ಪಿನ ಉಗ್ರಾಣದ ದನಿಯಲ್ಲೇ ಹೇಳಿದಳು.

ಎಂಟು ದಿನದಲ್ಲಿ ಗಾಜು ಕೂತಿತು. ಪಕ್ಕದಲ್ಲಿ ಒಂದು ಫಲಕ: ಅಜ್ಞಾತ ಕಾವಲುಗಾರನ ಹೆಬ್ಬೆರಳ ಗುರುತು. ಅಕ್ಕನ ಕಥೆಗೂ ಒಂದು ಸಾಲು ಸೇರಿಸಬೇಕೆಂದು ಕಚೇರಿಯಿಂದ ಚೀಟಿ ಬಂತು. ಅವಳು ಓದಿದಳು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲ ದಿನ ಹೇಗೆ ಹೇಳುತ್ತಾಳೋ ಎಂಬ ಆತಂಕಕ್ಕೆ ನಾನು ಟಿಕೆಟ್ ಬಾಗಿಲು ಬಿಟ್ಟು ಜನರ ಹಿಂದೆಯೇ ಹತ್ತಿದೆ.

ಮೂರನೇ ಅಂತಸ್ತಿನಲ್ಲಿ ಎಲ್ಲರೂ ಗಾಜಿನ ಮುಂದೆ ಗುಂಪುಗೂಡಿದರು. ಅಕ್ಕ ಆ ಸಾಲನ್ನು ತಡವರಿಸದೆ ಹೇಳಿದಳು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಗಾಜಿಗೆ ಮುಖ ಹತ್ತಿರ ತಂದು, "ಅಯ್ಯೋ, ಬೆರಳು ಸೀಳಿದೆ ನೋಡಿ, ಪಾಪ. ಇವನಿಗೆ ಹೆಂಡತಿ ಇದ್ಲೇನಮ್ಮಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ, ಅದನ್ನೆಲ್ಲ ಯಾರೂ ಬರೆದಿಟ್ಟಿಲ್ಲ" ಎಂದಳು ಅಕ್ಕ. "ಗಾಜು ಮುಟ್ಟಬೇಡಿ. ಬನ್ನಿ, ಇನ್ನು ಇಪ್ಪತ್ತೆಂಟೇ ಮೆಟ್ಟಿಲು."