ಸಾಲ್ಹೇರದ ಬುಡದಲ್ಲಿ ಬಸ್ಸು ತಡೆದ ದಿನ

ಕಳೆದ ವರ್ಷ ದಸರೆ ಮುಗಿದ ವಾರ. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕಕ್ಕೆ ಬಂದಿದ್ದ ನಾನು, ಪಂಚವಟಿಯ ನಮ್ಮ ಕಾಲೊನಿಯವರ ಬಸ್ಸಿನಲ್ಲಿ ಸಾಲ್ಹೇರ ಕೋಟೆ ನೋಡಲು ಹೊರಟೆ. ಜೊತೆಗೆ ಬೀದರಿನಿಂದ ಬಂದಿದ್ದ ಅವ್ವ. ಹೆದರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಳೆಗಾಲ ಮುಗಿದಿದ್ದರೂ ಎರಡು ಕೊಡೆ, ಒಂದು ದೊಡ್ಡ ತಾಡಪತ್ರಿ, ಹಾವು ಬಂದರೆ ಇರಲಿ ಎಂದು ಕೋಲು ಹೊತ್ತಿದ್ದೆ.

"ಯುದ್ಧಕ್ಕ ಹೊಂಟೀಯೇನಪಾ?" ಎಂದು ಅವ್ವ ನಕ್ಕಳು.

ಬಸ್ಸಿನಲ್ಲೂ ಯುದ್ಧದ್ದೇ ಮಾತು. ಆ ಕಣಿವೆಯಲ್ಲಿ ಮರಾಠರು ಮೊಗಲರ ದೊಡ್ಡ ಸೈನ್ಯವನ್ನು ಬಯಲಲ್ಲೇ ಎದುರಿಸಿ ಗೆದ್ದದ್ದನ್ನು ಕಾಲೊನಿಯ ಹಿರಿಯರಾದ ಪಾಟೀಲರು ಕಣ್ಣಾರೆ ಕಂಡವರಂತೆ ಹೇಳಿದರು. ಇಳಿದ ಕೂಡಲೇ ಎಲ್ಲರೂ ಅಲ್ಲಿನ ಮಣ್ಣು ಹಣೆಗೆ ಹಚ್ಚಿಕೊಂಡು, ಕೋಟೆಗೆ ಕೈಮುಗಿದು ಹತ್ತತೊಡಗಿದರು.

ಅವ್ವ ಮಾತ್ರ ಹೊಳೆಯ ಕಡೆ ನಡೆದಳು. ಲಿಂಗಪೂಜೆ ಆಗದೆ ಅವಳ ಬಾಯಿಗೆ ಗುಟುಕು ನೀರೂ ಹೋಗುವುದಿಲ್ಲ. ನಸುಕಿನಲ್ಲೇ ಬಸ್ಸು ಹೊರಟಿದ್ದರಿಂದ ಪೂಜೆ ಉಳಿದಿತ್ತು. ಮೋಸಂ ನದಿ ಅಲ್ಲಿ ಹಳ್ಳದಷ್ಟೇ ಅಗಲ. ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು, ನೀರೆರೆಯಲು ಬಗ್ಗಿದಳು. ಪಾಚಿಗಲ್ಲು ಜಾರಿತು. ಅವ್ವ ನನ್ನ ಕೈಗೆ ಸಿಕ್ಕಳು, ಲಿಂಗ ಹೊಳೆಗೆ ಸಿಕ್ಕಿತು.

ಹೊಳೆಯ ತುಂಬ ಕರಿಯ ಕಲ್ಲು, ಲಿಂಗವೂ ಕರಿದೇ. ಹುಡುಕಿದಷ್ಟೂ ನೀರು ಕದಡಿತು. ಮಧ್ಯಾಹ್ನ ಎಲ್ಲರೂ ಇಳಿದು ಬಂದಾಗ ಅವ್ವನ ತುಟಿ ಒಣಗಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ನನ್ನ ಜೀವ ಬಾಯಿಗೆ ಬಂದಿತ್ತು.

"ಹೊಸದು ಸಿಗುತ್ತೆ ಮಾವಶಿ. ಒಂದು ಕಲ್ಲಿಗಾಗಿ ಇಷ್ಟು ಜನ ಕಾಯಬೇಕೇ?" ಎಂದು ಪಾಟೀಲರು ಮರಾಠಿಯಲ್ಲಿ ಕೇಳಿದರು.

ಅವ್ವ ಮರಾಠಿ, ಕನ್ನಡ ಕಲೆಸಿ ಉತ್ತರ ಕೊಟ್ಟಳು: "ಹುಟ್ಟಿದಾಗ ಗುರುಗಳು ಕಟ್ಟಿದ್ದು, ಸಾಹೇಬ್ರ. ಮಣ್ಣಾಗ ಹೋಗಾಗ ನನ್ ಕೂಡೇ ಬರೋದು. ಆ ಕೋಟಿನೂ ಕಲ್ಲೇ ಅಲ್ಲೇನ್ರಿ? ಅದಕ್ಕಾಗಿ ಸತ್ತೋರಿಗಿ ಕೈ ಮುಗದ್ರಿ. ನೀವು ಹೋಗ್ರಿ, ನಾ ಏಳಂಗಿಲ್ಲ."

ಪಾಟೀಲರು ಹಣೆಯ ಮಣ್ಣು ಮುಟ್ಟಿ ನೋಡಿಕೊಂಡರು. ಆದರೆ ಡ್ರೈವರ್ ಬಸ್ಸು ಚಾಲೂ ಮಾಡಿದ.

ಮ್ಯಾನೇಜರ್ ಸೀನಿದರೂ 'ಸಾರಿ ಸರ್' ಎನ್ನುವವನು ನಾನು. ಅದೇನಾಯಿತೋ, ಹೋಗಿ ಬಸ್ಸಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. "ಹಾಯಿಸ್ಕೊಂಡು ಹೋಗ್ರಿ!" ಎಂದು ಕನ್ನಡದಲ್ಲೇ ಕೂಗಿದೆ. ಕೂಗಿದ ಮೇಲೆ, ಅವನಿಗೆ ಕನ್ನಡ ಬಾರದಿರಲಿ ದೇವರೇ ಎಂದು ಬೇಡಿಕೊಂಡೆ.

ಕೆಳಗೆ ಮೀನು ಹಿಡಿಯುತ್ತಿದ್ದ ಆದಿವಾಸಿ ಹೆಂಗಸರು ಗೊಳ್ಳೆಂದು ನಕ್ಕರು. "ಏ ದಾದಾ, ಅಲ್ಲಿ ಕೂತ್ರೆ ಸಿಗುತ್ತಾ? ಬಂದು ಕಲ್ಲು ಹೊರು!" ಎಂದಳು ಒಬ್ಬಳು. ಡ್ರೈವರ್ ಬಸ್ಸು ಬಂದ್ ಮಾಡಿದ, ನಾನು ಎದ್ದು ಹೊಳೆಗಿಳಿದೆ. ಮೀನಿಗೆಂದು ಅವರು ಹೊಳೆಯ ಒಂದು ಮಗ್ಗುಲಿಗೆ ಕಲ್ಲು ಅಡ್ಡ ಇಟ್ಟು ನೀರು ತಿರುಗಿಸುತ್ತಾರೆ. ಅವ್ವ ಜಾರಿದ ಕಡೆ ಹಾಗೇ ಒಡ್ಡು ಕಟ್ಟಿದೆವು. ಕಲ್ಲುಸಂದಿಯಿಂದ ನೀರು ನುಗ್ಗಿದಾಗ ನನ್ನ ತಾಡಪತ್ರಿ ಹಾಸಿದೆವು. ನನ್ನ ಹೆದರಿಕೆ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು.

ಪಾಟೀಲರೇ ಮೊದಲು ಪ್ಯಾಂಟು ಮಡಚಿ ಇಳಿದರು. ಹಿಂದೆ ಬಸ್ಸಿಗೆ ಬಸ್ಸೇ ಇಳಿಯಿತು. "ಇದಾ ಮಾವಶಿ? ಇದು?" ಎಂದು ಒಬ್ಬೊಬ್ಬರೂ ಕರಿಕಲ್ಲು ಎತ್ತಿ ಹಿಡಿದರು. ಅವ್ವ ತಲೆ ಅಲ್ಲಾಡಿಸುತ್ತಲೇ ಇದ್ದಳು. ಕೊನೆಗೆ ನೀರು ಬಸಿದ ಕೆಸರಿಗೆ ತಾನೇ ಕೈ ಹಾಕಿ ತಡಕಿದಳು. ಕೈ ಹೊರಬಂದಾಗ ಮುಷ್ಟಿ ಬಿಗಿದಿತ್ತು. ಬಿಚ್ಚಿ ನೋಡಲೂ ಇಲ್ಲ, ಕಣ್ಣಿಗೊತ್ತಿಕೊಂಡಳು.

ಪೂಜೆ ಮುಗಿಸಿ, ಆ ಹೆಂಗಸರು ಕೊಟ್ಟ ನಾಗಲಿ ಭಾಕ್ರಿಯನ್ನು, ಅಂದರೆ ರಾಗಿ ರೊಟ್ಟಿಯನ್ನು, ಅವ್ವ ಉಪ್ಪುಮೆಣಸಿನ ಜೊತೆ ಉಂಡಳು. ಉಂಡು ಮುಗಿಯುವವರೆಗೆ ಡ್ರೈವರ್ ಹಾರ್ನ್ ಹೊಡೆಯಲಿಲ್ಲ.

ನಾನೇನೂ ಬದಲಾಗಿಲ್ಲ. ಈಗಲೂ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುತ್ತೇನೆ. ಆದರೆ ಯಾರಾದರೂ ಯಾರಿಗಾದರೂ 'ಬಿಡ್ರಿ, ಬರೀ ಕಲ್ಲು ತಾನೇ' ಎಂದರೆ, ನನ್ನ ಕಾಲುಗಳು ಚಕ್ಕಳಮಕ್ಕಳಕ್ಕೆ ತಾನಾಗಿಯೇ ಮಡಚಿಕೊಳ್ಳುತ್ತವೆ.