ಅಕ್ಕೋರ ಎಡಗಾಲು

ಅಕ್ಕೋರ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಕೌದಿಯ ಮೇಲೆ ಬಲಗಾಲು ಮಡಚಿ, ಎಡಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ ಕೂರುತ್ತಿದ್ದರು. ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದವರು, ಅದಕ್ಕೇ ಊರಿಗೆಲ್ಲ ಅಕ್ಕೋರು. ಮೋಟಾರ್ ಸೈಕಲ್ಲಿನಿಂದ ಬಿದ್ದು ಕಾಲು ಹಾಗಾಗಿತ್ತು. ನಿವೃತ್ತರಾದ ಮೇಲೆ ತಮ್ಮ ಮಾಳಿಗೆಯ ಮೇಲೆ ಓಣಿಯ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು. “ಪದ್ಮಾಸನ ಬರದವರು ಯೋಗ ಏನ್ ಕಲಸ್ತೀರಿ?” ಎಂದು ಯಾರಾದರೂ ಕೆಣಕಿದರೆ, “ಬಗ್ಗದ್ದನ್ನ ಮುರೀಬಾರದು, ಅದನ್ನ ಕಲಸ್ತೇನಿ” ಎನ್ನುತ್ತಿದ್ದರು.

ಗಂಡ ತೀರಿಕೊಂಡು ನಾನು ಗೊಳಸಂಗಿಯಿಂದ ತವರಿಗೆ ಬಂದಾಗ ನನಗೆ ಇಪ್ಪತ್ತೊಂಬತ್ತು. ಮುಂಜಾನೆ ನನ್ನ ಮುಖ ಯಾರಿಗೂ ಕಾಣಬಾರದೆಂದು ಹೆತ್ತವ್ವನೇ ಒಳಕೋಣೆಯಲ್ಲಿ ಕೂರಿಸಿದಳು. ಅನ್ನ ಸೇರುತ್ತಿರಲಿಲ್ಲ. ಕೂತಲ್ಲೇ ಉಸಿರು ಕಟ್ಟುತ್ತಿತ್ತು. ಪಕ್ಕದ ಮನೆಯ ಅಕ್ಕೋರು ಒಂದು ದಿನ ಕಾಲೆಳೆಯುತ್ತ ಬಂದು, “ಕೌದಿ ತಗೊಂಡ ಬಾ” ಎಂದರು. ಮಾಳಿಗೆಯಲ್ಲಿ ಮೊದಲ ಸಾಲಿಗೇ ಕೂರಿಸಿದರು.

ಒಬ್ಬಾಕೆ ಎದ್ದು ನಿಂತಳು. “ಅಕ್ಕೋರ, ಮುಂಜಾನಿ ಎದ್ದ ಕೂಡಲೆ ಈಕಿ ಮಾರಿ ನೋಡೂದೇನ್ರಿ?”

“ಕಣ್ಣ ಮುಚ್ಚಕೊಂಡ ಪ್ರಾಣಾಯಾಮ ಮಾಡು. ತೆರದಿ ಅಂದ್ರ ಈಕಿ ಮಾರಿನ ಕಾಣೂದು. ನಾಳಿಂದ ಕಲಸಾಕಿನೂ ಈಕಿನ.”

ಆಕೆ ಕೌದಿ ಸುತ್ತಿಕೊಂಡು ಹೋದಳು. ಹಿಂದೆಯೇ ಇನ್ನೂ ನಾಲ್ವರು. ಅಕ್ಕೋರು ಯಾರನ್ನೂ ತಡೆಯಲಿಲ್ಲ. ಮರುದಿನ ಉಳಿದ ಮೂವರ ಎದುರು ಅಕ್ಕೋರು ಹೇಳಿಕೊಟ್ಟಂತೆ ಉಸಿರೆಣಿಸಿದೆ. ವರ್ಷ ತುಂಬುವಷ್ಟರಲ್ಲಿ ಮಂದಿ ಮತ್ತೆ ಕೂಡಿದರು. ನನಗೆ ಹಸಿವಾಯಿತು, ನಿದ್ದೆ ಬಂತು, ಆಮೇಲೆ ಸಿಟ್ಟೂ ಬಂತು. ಸಿಟ್ಟು ಬರುತ್ತದೆ ಎಂದಾಗ ಅಕ್ಕೋರು ನಕ್ಕರು. “ಬರ್ಲಿ. ಜೀವ ಬಂತು ನೋಡು.”

ಹೋದ ಚಳಿಗಾಲದಲ್ಲಿ ಅಕ್ಕೋರು ಹೋಗಿಬಿಟ್ಟರು. ನಮ್ಮಲ್ಲಿ ಸತ್ತವರನ್ನು ಪದ್ಮಾಸನ ಹಾಕಿಸಿ, ತೋಡಿದ ಕುಣಿಯಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಕುಣಿಯ ಅಂಚಿನಲ್ಲಿ ಇಬ್ಬರು ಗಂಡಸರು ಆ ಎಡಗಾಲನ್ನು ಹಿಡಿದು ಒತ್ತತೊಡಗಿದರು. “ಒಂದ ಪೆಟ್ಟ ಹಾಕಿದ್ರ ಮಡಚ್ತೈತಿ” ಎಂದ ಅವರ ಅಣ್ಣನ ಮಗ. ನನ್ನ ಮೈ ಉರಿದುಹೋಯಿತು. ಗಂಡಸರ ನಡುವೆ ನುಗ್ಗಿ ಆ ಮೊಣಕಾಲಿನ ಮೇಲೆ ಕೈಯಿಟ್ಟು ಕೂತೆ.

“ಈ ಕಾಲು ಮುರೀಬ್ಯಾಡ್ರಿ. ಕುಣಿ ಅಗಲ ತೆಗೀರಿ.”

“ಆ ಕಡೆ ಸರಿ. ಇಲ್ಲಿ ನಿನ್ನ ಕೆಲಸ ಇಲ್ಲ” ಎಂದರು ಹಿರಿಯರೊಬ್ಬರು.

ನಾನು ಸರಿಯಲಿಲ್ಲ. ಉಸಿರೆಣಿಸುತ್ತ ಅಲ್ಲೇ ಕೂತೆ. ಮಾಳಿಗೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಸುತ್ತ ಕೂತರು. ಅಂದು ಮೊದಲು ಎದ್ದುಹೋದಾಕೆ ಬರಲಿಲ್ಲ, ಬಾರದಿದ್ದರೆ ಬಿಡಲಿ. ಕೊನೆಗೆ ಗುದ್ದಲಿ ಹಿಡಿದವರು ಮತ್ತೆ ಕುಣಿಗೆ ಇಳಿದರು.

ಅಕ್ಕೋರು ಮಣ್ಣಿನಲ್ಲೂ ಎಡಗಾಲು ಚಾಚಿಕೊಂಡೇ ಕೂತಿದ್ದಾರೆ. ಮರುದಿನ ಮುಂಜಾನೆ ಮಾಳಿಗೆ ಹತ್ತಿ, ಅವರ ಜಾಗದಲ್ಲಿ ಕೌದಿ ಹಾಸಿ, ಎಲ್ಲರಿಗೂ ಎದುರಾಗಿ ಕೂತೆ. ಪ್ರಾಣಾಯಾಮ ಮುಗಿದ ಮೇಲೆ “ಕಣ್ಣ ತೆರೀರಿ” ಎಂದೆ.